ಚದರಡಿಯ ಶಾಖ, ಚದರ ಮೀಟರಿನ ಶಾಖ



ಅಳತೆಯ ಎರಡು ಲೋಕಗಳ ನಡುವೆ ಬೆಳೆದ ಪೀಳಿಗೆ ನಮ್ಮದು. 1957ರ ಏಪ್ರಿಲ್ 1ರಂದು ನಯಾ ಪೈಸೆ ಚಲಾವಣೆಗೆ ಬಂದಾಗ ನಾನು ಪ್ರಾಥಮಿಕ ಶಾಲೆಯ ಬಾಲಕ. ಅದರ ಹಿಂದಿನ ವರ್ಷ ಬಂದ ತೂಕ ಅಳತೆಗಳ ಕಾಯಿದೆಯಿಂದಾಗಿ ಸೇರು, ಮಣಗಳು ಕ್ರಮೇಣ ಕಿಲೋಗ್ರಾಂಗೆ ಸ್ಥಾನ ಬಿಟ್ಟುಕೊಟ್ಟವು. ಅಂಗಡಿ ಬೇಗ ಬದಲಾಯಿತು, ಮನಸ್ಸು ಬದಲಾಗಲಿಲ್ಲ. ಇಂದಿಗೂ ನಾವು ನಿವೇಶನವನ್ನು ಚದರಡಿಯಲ್ಲಿ ಕೊಳ್ಳುತ್ತೇವೆ. ಜ್ವರವನ್ನು ಫ್ಯಾರನ್‌ಹೀಟಿನಲ್ಲಿ, ಬೇಸಿಗೆಯ ಬಿಸಿಲನ್ನು ಸೆಲ್ಸಿಯಸ್ಸಿನಲ್ಲಿ ಹೇಳುತ್ತೇವೆ.

ಈ ಇಬ್ಬಂದಿತನ ಎಲ್ಲೆಡೆ ನಿರುಪದ್ರವಿಯಲ್ಲ. 1980ರ ದಶಕದ ಮಾತು. ಕನ್ನಡ ಮಾಧ್ಯಮದಲ್ಲಿ ನನ್ನಲ್ಲಿ ಓದಿದ ಹುಡುಗನೊಬ್ಬ ಎಂಜಿನಿಯರಿಂಗ್ ಸೇರಿದ್ದ. ಅವನ ತಂದೆ ಹೊಲವನ್ನು ಅಡವಿಟ್ಟು ಶುಲ್ಕ ಕಟ್ಟಿದ್ದರು. ಅರ್ಧ ವರ್ಷ ಕಳೆಯುವಷ್ಟರಲ್ಲಿ ಹುಡುಗ ಪೆಟ್ಟಿಗೆಯೊಂದಿಗೆ ಮರಳಿ ಬಂದ. "ಮೇಷ್ಟ್ರೇ, ನನ್ನ ತಲೆಗೆ ಇದು ಹತ್ತೋದಿಲ್ಲ. ಅಪ್ಪನ ದುಡ್ಡು ಯಾಕೆ ಹಾಳು ಮಾಡಲಿ?" ಎಂದ. ಕೈಯಲ್ಲಿದ್ದದ್ದು ಅಮೆರಿಕದ ಪಠ್ಯಪುಸ್ತಕ. ಅದರಲ್ಲೊಂದು ಲೆಕ್ಕ: ಕುಲುಮೆಯ ಗೋಡೆಯ ಮೂಲಕ ಪ್ರತಿ ಚದರಡಿಗೆ ಗಂಟೆಗೆ 500 ಬಿಟಿಯು ಶಾಖ ಹೊರಹೋಗುತ್ತದೆ, ಅದನ್ನು ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದು ಪರಿವರ್ತಿಸಬೇಕು. ತರಗತಿಯಲ್ಲಿ ಯಾರೋ "3.15ರಿಂದ ಗುಣಿಸಿ" ಎಂದಿದ್ದರು. ಏಕೆ ಎಂದು ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ಇವನಿಗಿರಲಿಲ್ಲ.

"ಒಟ್ಟಾಗಿ ನೋಡಬೇಡ ಕಣಪ್ಪ, ಬಿಡಿಸಿ ನೋಡು" ಎಂದೆ. ಇಲ್ಲಿರುವುದು ಮೂರೇ ಪ್ರಶ್ನೆ: ಎಷ್ಟು ಶಾಖ, ಎಷ್ಟು ಹೊತ್ತಿನಲ್ಲಿ, ಎಷ್ಟು ಜಾಗದ ಮೂಲಕ? ಒಂದು ಪೌಂಡ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾಗುವ ಶಾಖವೇ ಒಂದು ಬಿಟಿಯು. ಅದು ಸುಮಾರು 1055 ಜೂಲ್. ಗಂಟೆಗೆ 3600 ಸೆಕೆಂಡು. 1055ನ್ನು 3600ರಿಂದ ಭಾಗಿಸಿದರೆ 0.293. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವ್ಯಾಟ್. ಆದ್ದರಿಂದ ಗಂಟೆಗೆ ಒಂದು ಬಿಟಿಯು ಎಂದರೆ 0.293 ವ್ಯಾಟ್. ಇನ್ನು ಜಾಗ. ಒಂದು ಅಡಿ 0.3048 ಮೀಟರ್, ಒಂದು ಚದರ ಮೀಟರಿನಲ್ಲಿ 10.76 ಚದರಡಿಗಳಿವೆ. ಒಂದು ಚದರಡಿಯಲ್ಲಿ 0.293 ವ್ಯಾಟ್ ಹಾದರೆ ಒಂದು ಚದರ ಮೀಟರಿನಲ್ಲಿ ಅದರ 10.76 ಪಟ್ಟು, ಅಂದರೆ 3.15 ವ್ಯಾಟ್. ನಿಗೂಢ ಸಂಖ್ಯೆಯ ಗುಟ್ಟು ಇಷ್ಟೇ. ಕುಲುಮೆಯ ಗೋಡೆಗೆ ಉತ್ತರ ಸುಮಾರು 1577 ವ್ಯಾಟ್. ಈ ಸಂಖ್ಯೆ ವೃತ್ತದ ಪೈಗೆ ಹತ್ತಿರವಿರುವುದು ಕೇವಲ ಕಾಕತಾಳೀಯ. ನೆನಪಿಗೆ ಮಾತ್ರ ಒಳ್ಳೆಯ ಊರುಗೋಲು.

ಅವನಿಗೆ ನಂಬಿಕೆ ಬರಲೆಂದು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಿದೆವು. ನಿರ್ಮಲ ಆಕಾಶದ ನಡುಹಗಲಿನಲ್ಲಿ ಸೂರ್ಯನಿಗೆ ನೇರವಾಗಿ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತದೆ. 3.15ರಿಂದ ಭಾಗಿಸಿದರೆ ಚದರಡಿಗೆ ಗಂಟೆಗೆ 317 ಬಿಟಿಯು. ಆ ಶಾಖವೆಲ್ಲ ಹತ್ತು ಪೌಂಡ್ ನೀರಿಗೆ ಸೇರಿದರೆ ಗಂಟೆಯಲ್ಲಿ ಅದು 31.7 ಡಿಗ್ರಿ ಫ್ಯಾರನ್‌ಹೀಟ್ ಏರಬೇಕು, ಸೆಲ್ಸಿಯಸ್ಸಿನಲ್ಲಿ 17.6. ಅದೇ ಲೆಕ್ಕವನ್ನು ಜೂಲ್, ಕಿಲೋಗ್ರಾಂಗಳಲ್ಲಿ ಮಾಡಿದರೂ 17.6 ಡಿಗ್ರಿಯೇ ಬಂದಿತು. ಭಾಷೆ ಎರಡಾದರೂ ಬಿಸಿಯಾದ ನೀರು ಒಂದೇ ಎಂಬುದನ್ನು ಹುಡುಗ ತನ್ನ ಕೈಯಿಂದಲೇ ಕಂಡುಕೊಂಡ. ಮರುದಿನ ಪೆಟ್ಟಿಗೆ ಹೊತ್ತು ಕಾಲೇಜಿಗೆ ಹಿಂದಿರುಗಿದ. ಮುಂದೆ ಬಾಯ್ಲರುಗಳ ಕೆಲಸದಲ್ಲೇ ಜೀವನ ಕಟ್ಟಿಕೊಂಡ, ಹೊಲವೂ ಉಳಿಯಿತು.

ಒಂದು ಎಚ್ಚರಿಕೆ. ಪ್ರತಿ ಡಿಗ್ರಿ ಅಂತರಕ್ಕೆ ಹರಿಯುವ ಶಾಖವನ್ನು ಪರಿವರ್ತಿಸುವಾಗ 3.15 ಸಾಲದು. ಒಂದು ಸೆಲ್ಸಿಯಸ್ ಡಿಗ್ರಿಯಲ್ಲಿ 1.8 ಫ್ಯಾರನ್‌ಹೀಟ್ ಡಿಗ್ರಿಗಳಿರುವುದರಿಂದ ಆಗ ಗುಣಕ 5.68 ಆಗುತ್ತದೆ. ಕೇವಲ ಗುಣಕವನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ. ಎಡವಿದರೆ ಏನಾಗುತ್ತದೆಂದು ಲೋಕವೇ ನೋಡಿದೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾಯಿತು. ಎಂಜಿನ್ನಿನ ನೂಕಿನ ಲೆಕ್ಕವನ್ನು ಒಂದು ಕಡೆಯವರು ಪೌಂಡಿನಲ್ಲಿ ಕೊಟ್ಟಿದ್ದರು, ಇನ್ನೊಂದು ಕಡೆಯವರು ನ್ಯೂಟನ್ ಎಂದು ಓದಿಕೊಂಡಿದ್ದರು.

ನಮ್ಮ ಮನೆಗಳಿಗೂ ಬಿಟಿಯು ಬಂದಿದೆ. ಏರ್ ಕಂಡೀಷನರಿನ ಒಂದು "ಟನ್" ಎಂದರೆ ಯಂತ್ರದ ತೂಕವಲ್ಲ. ಎರಡು ಸಾವಿರ ಪೌಂಡ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ದರ ಅದು: ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್.

ನಿಮ್ಮ ಮಕ್ಕಳು, ಮೊಮ್ಮಕ್ಕಳು ಇಂಥ ಲೆಕ್ಕದ ಮುಂದೆ ಕುಳಿತು "ನನಗೆ ಬುದ್ಧಿಯಿಲ್ಲ" ಎಂದರೆ, ದಯವಿಟ್ಟು ಗದರಬೇಡಿ, ಬಿಡಿಸಿ ತೋರಿಸಿ. ಅನೇಕ ವೇಳೆ ಕೊರತೆ ಇರುವುದು ಬುದ್ಧಿಯಲ್ಲಲ್ಲ, ಬಿಡಿಸಿ ಹೇಳುವವರಲ್ಲಿ.

ಕೊನೆಗೊಂದು ಮನೆಗೆಲಸ: ವಾಯುಮಂಡಲದ ಹೊರಗೆ ಸೂರ್ಯನ ಶಾಖ ಚದರ ಮೀಟರಿಗೆ ಸುಮಾರು 1361 ವ್ಯಾಟ್. ಚದರಡಿಗೆ ಗಂಟೆಗೆ ಎಷ್ಟು ಬಿಟಿಯು? ಉತ್ತರ ಬರೆದು ಕಳುಹಿಸಿ. ಕೆಂಪು ಶಾಯಿಯ ಪೆನ್ನು ನನ್ನ ಬಳಿ ಇನ್ನೂ ಇದೆ.