ಹಳೇ ಪೆಟ್ಟಿಗೆ, ಹೊಸ ಥಿಯೇಟರು!

ಅಪ್ಪ ಬಿಟ್ಟುಹೋದ ಸ್ಟೀರಿಯೋ ಸ್ಪೀಕರುಗಳೆರಡನ್ನೂ ಗುಜರಿಗೆ ಹಾಕಿ ಅಂದ ಅಂಗಡಿಯವ. ಹೋಂ ಥಿಯೇಟರ್ ಅಂದ್ರೆ ಐದು ಸ್ಪೀಕರು, ಮೇಲೊಂದು ಸಬ್‌ವೂಫರು ಇರಲೇಬೇಕಂತೆ! ನಾನು ಕೊಂಡದ್ದು ರಿಸೀವರ್ ಮಾತ್ರ. ಪೆಟ್ಟಿಗೆಯ ಬೆನ್ನಿಗೆ 8 ಓಮ್ ಅಂತಿತ್ತು. ಅದಕ್ಕೂ ಇದಕ್ಕೂ ಜೋಡಿ ಸರಿಹೋಯ್ತು. ಸೆಟ್ಟಿಂಗಿನಲ್ಲಿ ‘ಸೆಂಟರ್ ಸ್ಪೀಕರ್ ಇಲ್ಲ’ ಅಂದರಾಯ್ತು, ಸಂಭಾಷಣೆಯನ್ನು ಎರಡಕ್ಕೂ ಸಮನಾಗಿ ಹಂಚುತ್ತೆ. ನಡುವೆ ಕೂತವನಿಗೆ ಮಾತು ಪರದೆಯಿಂದಲೇ ಬಂದಂತೆ! 1972ರ ‘ಬಂಗಾರದ ಮನುಷ್ಯ’ದ ಧ್ವನಿಯೇ ಮೋನೋ. ಅದಕ್ಕೆ ಐದೇಕೆ ಸ್ವಾಮೀ?

ಪೇಚಾದದ್ದು ಅಮ್ಮನಿಗೆ. ಕಿವಿ ಮಂದ, ಎಡಗೋಡೆಯ ಕುರ್ಚಿ ಬಿಡೋಲ್ಲ. ಮಾತೆಲ್ಲ ಹತ್ತಿರದ ಪೆಟ್ಟಿಗೆಗೇ ಓಡಿಬಿಡೋದು. ಎರಡರ ಮೂತಿಯನ್ನೂ ಚೆನ್ನಾಗಿ ಒಳಕ್ಕೆ ತಿರುಗಿಸಿದೆ. ಈಗ ದೂರದ್ದು ಅಮ್ಮನನ್ನು ನೇರ ನೋಡುತ್ತೆ, ಹತ್ತಿರದ್ದು ಮುಖ ತಿರುಗಿಸುತ್ತೆ.

“ರಾಜ್‌ಕುಮಾರ್ ಈಗ ಟೀವಿಯೊಳಗಿಂದ ಮಾತಾಡ್ತಾನೆ ಕಣೋ” ಅಂದಳು.