ಯಾರ ಮನೆಯ ಟಿ4?

ಹೊಸೂರಿನಿಂದ ಹೊರಟ ಸಂಜೆಯ ಬಸ್ಸು ತೊರಪಲ್ಲಿ ಅಗ್ರಹಾರದಲ್ಲಿ ನಿಂತಾಗ ಆ ಹುಡುಗಿಯ ಕೈಚೀಲದಲ್ಲಿ ಮಡಿಸಿದ ಹಾಳೆಯೊಂದಿತ್ತು. ಅದು ತಾಯಿಯ ರಕ್ತಪರೀಕ್ಷೆಯ ವರದಿ. ಕೆಲವು ತಿಂಗಳುಗಳಿಂದ ತಾಯಿಗೆ ತೀರದ ಆಯಾಸ. ಕುತ್ತಿಗೆಯ ಮುಂಭಾಗವೂ ಸ್ವಲ್ಪ ಉಬ್ಬಿದಂತೆ ಕಾಣುತ್ತಿತ್ತು. ವರದಿಯನ್ನು ಮರುದಿನ ತಂದು ತೋರಿಸುವಂತೆ ವೈದ್ಯೆ ಹೇಳಿದ್ದರು. ಅಷ್ಟು ಹೊತ್ತು ಕಾಯಲಾರದೆ ಹುಡುಗಿ ಬಸ್ಸಿನಲ್ಲಿಯೇ ಹಾಳೆಯನ್ನು ಬಿಡಿಸಿ ನೋಡಿದ್ದಳು. ಮೂರು ಸಾಲುಗಳ ಪೈಕಿ ನಡುವಿನ ಸಾಲು ಅವಳ ಕಣ್ಣನ್ನು ಹಿಡಿದು ನಿಲ್ಲಿಸಿತು. ಅಲ್ಲಿ ಟಿ4 ಎಂದಿತ್ತು.

ಆ ಸಂಕೇತ ಅವಳಿಗೆ ಹೊಸದಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ಸೋದರಮಾವನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದಾಗ, ಗಂಟಲಿನ ಗಡ್ಡೆಯ ವರದಿಯಲ್ಲಿಯೂ ಅದೇ ಅಕ್ಷರ, ಅದೇ ಅಂಕಿ ಇದ್ದವು. ಒಂದರಿಂದ ನಾಲ್ಕರವರೆಗಿನ ಎಣಿಕೆಯಲ್ಲಿ ನಾಲ್ಕು ಎಂದರೆ ಗಡ್ಡೆ ಸುತ್ತಲಿನ ಭಾಗಗಳಿಗೂ ಹಬ್ಬಿದೆ ಎಂದು ಅಂದು ಮನೆಯವರಿಗೆ ಬಿಡಿಸಿ ಹೇಳಿದ್ದರು. ಮಾವ ಅನಂತರ ಆರು ತಿಂಗಳು ಉಳಿಯಲಿಲ್ಲ.

"ಏನು ಬರೆದವ್ರೆ ಅಮ್ಮಣ್ಣಿ?" ಎಂದು ತಾಯಿ ಬಾಗಿಲಲ್ಲಿಯೇ ಕೇಳಿದಳು.

"ಬರೀ ಲೆಕ್ಕ ಅಮ್ಮ. ನಾಳೆ ಡಾಕ್ಟರೇ ಹೇಳ್ತಾರೆ" ಎಂದು ಮಗಳು ಒಳಗೆ ಹೋದಳು.

ಆ ರಾತ್ರಿ ಮನೆಯಲ್ಲಿ ಎಚ್ಚರವಾಗಿದ್ದವಳು ಅವಳೊಬ್ಬಳೇ. ತಾಯಿಯ ಉಸಿರನ್ನು ಆಲಿಸುತ್ತ, ಮಾವನ ಕೊನೆಯ ದಿನಗಳನ್ನು ನೆನೆಯುತ್ತ, ಅಪ್ಪನಿಗೆ ಯಾವಾಗ ಹೇಳುವುದು, ಅಣ್ಣನಿಗೆ ಹೇಗೆ ಹೇಳುವುದು, ಪರೀಕ್ಷೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಬೆಂಗಳೂರಿನ ಎಷ್ಟು ಪ್ರಯಾಣಗಳಿಗೆ ಸಾಕಾದೀತು ಎಂದು ಲೆಕ್ಕ ಹಾಕುತ್ತ ಬೆಳಗು ಮಾಡಿದಳು.

ಮರುದಿನ ವೈದ್ಯೆ ವರದಿಯನ್ನು ನೋಡಿದರು. ಬಳಿಕ ಹುಡುಗಿಯ ಕೆಂಪೇರಿದ ಕಣ್ಣುಗಳನ್ನು ನೋಡಿ ಕಾರಣ ಕೇಳಿದರು. ಉತ್ತರ ಕೇಳಿ ಅವರು ನಗಲಿಲ್ಲ. "ಇದು ಆ ಟಿ4 ಅಲ್ಲಮ್ಮ, ಇದು ಥೈರಾಯ್ಡಿನದು" ಎಂದು ಕಾಗದದ ಮೇಲೆ ಬರೆದು ವಿವರಿಸಿದರು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನಿನ ಒಂದು ಅಣುವಿನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುತ್ತವೆ. ಆದ್ದರಿಂದ ಅದು ಟಿ4. ಮೂರು ಪರಮಾಣುಗಳಿರುವುದು ಟಿ3. ಗಡ್ಡೆಯ ವರದಿಯಲ್ಲಿ ಬರುವ 'ಟಿ' ಟ್ಯೂಮರ್ ಎಂಬ ಮಾತಿನ ಮೊದಲಕ್ಷರ. ಅಲ್ಲಿಯ ನಾಲ್ಕು ಗಡ್ಡೆಯ ವ್ಯಾಪ್ತಿಯನ್ನು ಹೇಳುವ ದರ್ಜೆ. ತಾಯಿಯ ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾಗಿತ್ತು, ಅಷ್ಟೆ. ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಬೇಕಾಗಿತ್ತು.

ಥೈರಾಕ್ಸಿನ್ನನ್ನು ಅಮೆರಿಕದ ಎಡ್ವರ್ಡ್ ಕೆಂಡಲ್ ಮೊದಲು ಬೇರ್ಪಡಿಸಿದ್ದು 1914ರಲ್ಲಿ. ಗಡ್ಡೆಗಳಿಗೆ ದರ್ಜೆ ಕೊಡುವ ಪದ್ಧತಿಯನ್ನು ಫ್ರಾನ್ಸಿನ ವೈದ್ಯ ಪಿಯೆರ್ ದೆನ್ವಾ 1940ರ ದಶಕದಲ್ಲಿ ರೂಪಿಸತೊಡಗಿದರು. ಅದೇ ದಶಕದಲ್ಲಿ, ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ವೈರಸ್ಸುಗಳ ಒಂದು ಸಾಲಿಗೆ ಟಿ1ರಿಂದ ಟಿ7ರವರೆಗೆ ಹೆಸರಿಟ್ಟವರು ಇನ್ನೊಂದು ಟಿ4ನ್ನು ಹುಟ್ಟಿಸಿದರು. ಅರ್ಧ ಅಂಗುಲ ವ್ಯಾಸದ ಟ್ಯೂಬ್‌ಲೈಟಿಗೂ ಟಿ4 ಎಂದೇ ಹೆಸರು. ಅಲ್ಲಿಯ ಅಂಕಿ ಅಂಗುಲದ ಎಂಟನೆಯ ಭಾಗಗಳನ್ನು ಎಣಿಸುತ್ತದೆ. ಇವರಲ್ಲಿ ಒಬ್ಬರೂ ಇನ್ನೊಬ್ಬರನ್ನು ಕೇಳಿ ಹೆಸರಿಡಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಅಂದು ಸಂಜೆ ಹುಡುಗಿ ಹಿಂದಿನ ರಾತ್ರಿಯ ಕಥೆಯನ್ನು ಮನೆಯವರ ಮುಂದೆ ಹೇಳಿಕೊಂಡಳು. ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಅಣ್ಣ ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಮ್ಮಲ್ಲೂ ಹಂಗೇ ಕಣಮ್ಮಾ. ಎಂ20 ಅಂದ್ರೆ ಇವನಿಗೆ ಬೋಲ್ಟು, ನನಗೆ ಕಾಂಕ್ರೀಟು" ಎಂದರು.

ಮೇಸ್ತ್ರಿಯ ಎಂ20ರಲ್ಲಿ 'ಎಂ' ಎಂದರೆ ಮಿಕ್ಸ್, ಅಂದರೆ ಮಿಶ್ರಣ. 150 ಮಿಲಿಮೀಟರ್ ಅಂಚಿನ ಕಾಂಕ್ರೀಟ್ ಘನವನ್ನು 28 ದಿನ ನೀರುಣಿಸಿ ಯಂತ್ರದಲ್ಲಿ ಒತ್ತಿದಾಗ, ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ಅದು ತಾಳಬೇಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂಬುದು ಕೆಲಸದ ಜಾಗದ ಲೆಕ್ಕ. ಫಿಟ್ಟರನ ಎಂ20ರಲ್ಲಿ 'ಎಂ' ಎಂದರೆ ಮೆಟ್ರಿಕ್. ಬೋಲ್ಟಿನ ವ್ಯಾಸ 20 ಮಿಲಿಮೀಟರ್. ಮೂರನೆಯ ಎಂ20 ಧನು ರಾಶಿಯ ದಿಕ್ಕಿನಲ್ಲಿ, ಸಾವಿರಾರು ಬೆಳಕಿನ ವರ್ಷಗಳಾಚೆ ಇದೆ. ಮೂರು ಹೋಳಾಗಿ ಕಾಣುವ ಆ ನೀಹಾರಿಕೆಯನ್ನು ಫ್ರಾನ್ಸಿನ ಶಾರ್ಲ್ ಮೆಸ್ಸಿಯೆ 1764ರ ಜೂನ್ ತಿಂಗಳಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡ. ಆತ ಧೂಮಕೇತುಗಳನ್ನು ಹುಡುಕುತ್ತಿದ್ದವನು. ಧೂಮಕೇತುವಿನಂತೆ ಮಸುಕಾಗಿ ಕಂಡು ಮೋಸಗೊಳಿಸುವ ವಸ್ತುಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿದರೆ ಮುಂದೆ ನೋಡುವವರು ಭ್ರಮೆಗೊಳಗಾಗುವುದಿಲ್ಲ ಎಂಬುದು ಅವನ ಎಣಿಕೆ. ಒಂದನ್ನು ಇನ್ನೊಂದೆಂದು ತಿಳಿಯದಿರಲೆಂದು ಮಾಡಿದ ಆ ಪಟ್ಟಿಯ ಹೆಸರುಗಳೇ ಇಂದು ಬೋಲ್ಟು ಕಾಂಕ್ರೀಟುಗಳ ಹೆಸರುಗಳೊಡನೆ ಕಲೆತುಹೋಗಿವೆ.

ಇಂತಹ ಜೋಡಿಗಳು ಈ ಸೀಮೆಯಲ್ಲಿಯೇ ಇನ್ನೂ ಇವೆ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಉತ್ಖನನದಲ್ಲಿ ದೊರೆತ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಆ ಕಾಲವನ್ನು ಹೇಳಿದ್ದು ಸಿ14, ಅಂದರೆ ಸುಮಾರು 5730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವ ಇಂಗಾಲದ ಒಂದು ಬಗೆ. ಆ ಸುದ್ದಿಯನ್ನು ಓದಿದ ಕಂಪ್ಯೂಟರಿನ ಹಿಂಬದಿಯಲ್ಲಿ ವಿದ್ಯುತ್ ತಂತಿಯನ್ನು ಸಿಕ್ಕಿಸುವ, ಮೂರು ಕಡ್ಡಿಗಳುಳ್ಳ ಕಿಂಡಿಯ ಹೆಸರೂ ಸಿ14. ಅದಕ್ಕೆ ಸಿಕ್ಕಿಸುವ ತಂತಿಯ ತುದಿ ಸಿ13. ಇಂಗಾಲದಲ್ಲಿಯೂ ಸಿ14ರ ಪಕ್ಕದಲ್ಲಿ ಸಿ13 ಎಂಬುದಿದೆ.

ಹೊಸೂರನ್ನು ಹಾಯ್ದು ಹೋಗುವ ಹೆದ್ದಾರಿಯನ್ನು ಹಿರಿಯರು ಇಂದಿಗೂ ಎನ್‌ಎಚ್ 7 ಎನ್ನುತ್ತಾರೆ. 2010ರ ಮರುಸಂಖ್ಯೆಯ ಬಳಿಕ ಅದು 44. ಏಳೆಂಬ ಅಂಕಿ ಪಂಜಾಬಿನಿಂದ ಉತ್ತರಾಖಂಡದ ಮಾಣಾಕ್ಕೆ ಹೋಗುವ ದಾರಿಗೆ ಸಂದಿತು. ಬೆಳಗಾವಿಯಲ್ಲಿ ಎನ್‌ಎಚ್ 4 ಎನಿಸಿದ್ದ ರಸ್ತೆ ಈಗ 48 ಆಗಿ, ಬೆಂಗಳೂರನ್ನು ದಾಟಿ, ಹೊಸೂರಿನಲ್ಲಿ 44ರ ಜೊತೆಗೂಡಿ ಸಾಗುತ್ತದೆ. ಮೊದಲಿನ 48 ಬೆಂಗಳೂರಿನಿಂದ ಮಂಗಳೂರಿಗೆ ಇಳಿಯುತ್ತಿತ್ತು. ಹಳೆಯ ಲಕೋಟೆಯ ಮೇಲಿನ ವಿಳಾಸವನ್ನು ಇಂದು ಓದುವವನು ವರ್ಷವನ್ನೂ ನೋಡಿಕೊಳ್ಳಬೇಕು.

ಮನುಷ್ಯರ ವಿಷಯವೂ ಇದಕ್ಕೆ ಹೊರತಲ್ಲ. 1878ರ ಡಿಸೆಂಬರ್ 10ರಂದು ತೊರಪಲ್ಲಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ದೇಶಕ್ಕೆಲ್ಲ ಸಿ.ಆರ್. ಎನಿಸಿದರು; ಅವರು ಹುಟ್ಟಿದ ಮನೆ ಇಂದು ಸ್ಮಾರಕ. ಅದೇ ಕಾಲದಲ್ಲಿ ಬಂಗಾಳದಲ್ಲಿ ಇನ್ನೊಬ್ಬ ಸಿ.ಆರ್. ಇದ್ದರು, ಚಿತ್ತರಂಜನ್ ದಾಸ್. 1922ರ ಗಯಾ ಕಾಂಗ್ರೆಸ್ಸಿನಲ್ಲಿ ಇಬ್ಬರೂ ಎದುರುಬದುರಾದರು. ಶಾಸನಸಭೆಗಳನ್ನು ಪ್ರವೇಶಿಸಬೇಕೆಂದು ಅಧ್ಯಕ್ಷ ದಾಸರು, ಕೂಡದೆಂದು ರಾಜಾಜಿ. ಗೆದ್ದದ್ದು ಸಿ.ಆರ್. ಎಂದಷ್ಟೇ ಬರೆದರೆ ಚರಿತ್ರೆ ತಿರುಗುಮುರುಗಾದೀತು. ಅಗ್ರಹಾರಗಳಲ್ಲಿ ಈ ಎಚ್ಚರ ಬಹಳ ಹಳೆಯದು. ಬೀದಿಗೆ ನಾಲ್ವರು ರಂಗಸ್ವಾಮಿಗಳು ಇರುತ್ತಿದ್ದ ಕಡೆ, ಹೆಸರು ಕೇಳಿದವರು ಒಡನೆಯೇ "ಯಾರ ಮನೆಯವರು?" ಎಂದು ಕೇಳುತ್ತಿದ್ದರು.

ಹೀಗಾಗುವುದಕ್ಕೆ ಕಾರಣ ಸರಳವಾಗಿದೆ. ಇಂಗ್ಲಿಷಿನ 26 ಅಕ್ಷರಗಳ ಮುಂದೆ 1ರಿಂದ 99ರವರೆಗಿನ ಅಂಕಿಗಳನ್ನು ಇಟ್ಟರೆ ದೊರೆಯುವ ಸಂಕೇತಗಳು 2574 ಮಾತ್ರ. ಹೆಸರು ಬೇಡುವ ವಸ್ತುಗಳಾದರೋ ಲಕ್ಷಾಂತರ. ಪ್ರತಿಯೊಂದು ಶಾಸ್ತ್ರವೂ ತನ್ನ ಮಾತಿನ ಮೊದಲಕ್ಷರವನ್ನು ಎತ್ತಿಕೊಂಡು ಒಂದರಿಂದ ಎಣಿಸತೊಡಗುತ್ತದೆ. ಅಕ್ಷರ ಬೀದಿಯ ಹೆಸರಾದರೆ ಅಂಕಿ ಮನೆಯ ನಂಬರು. 20ನೆಯ ನಂಬರಿನ ಮನೆ ಎಲ್ಲ ಬೀದಿಗಳಲ್ಲಿಯೂ ಇರುತ್ತದೆ.

ಭಾಷೆಯನ್ನು ಓದುವವರಿಗೆ ಇದು ಹೊಸ ಸಮಸ್ಯೆಯಲ್ಲ. ಕನ್ನಡದ ಆರು, ಏಳು, ಹತ್ತು ಎಂಬ ಮೂರು ಅಂಕಿಗಳೂ ಕ್ರಿಯೆಗಳಾಗಿವೆ. ದೀಪ ಆರುತ್ತದೆ, ಮಲಗಿದವನು ಏಳುತ್ತಾನೆ, ಬಸ್ಸನ್ನು ಹತ್ತುತ್ತಾನೆ. ಬೆಳಗಾವಿಯ ಕಡೆ ಎರಡು ಭಾಷೆಗಳಲ್ಲಿ ಕಲಿಯುವ ಮಗು 'ಬರೆ' ಎಂಬ ಉಲಿಯನ್ನು ಕನ್ನಡದ ಗಂಟೆಯಲ್ಲಿ ಅಪ್ಪಣೆಯೆಂದೂ, ಮರಾಠಿಯ ಗಂಟೆಯಲ್ಲಿ 'ಸರಿ, ಒಳ್ಳೆಯದು' ಎಂದೂ ತಡವರಿಸದೆ ತಿಳಿಯುತ್ತದೆ. ಸೈಂಧವವನ್ನು ತಾ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಹೊರಡುವ ಹೊತ್ತಿನಲ್ಲಿ ಕುದುರೆ ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಹಲವು ಅರ್ಥಗಳುಳ್ಳ ಶಬ್ದದ ಅರ್ಥವನ್ನು ನಿರ್ಣಯಿಸುವ ಸಾಧನಗಳನ್ನು ಭರ್ತೃಹರಿ ವಾಕ್ಯಪದೀಯದಲ್ಲಿ ಪಟ್ಟಿ ಮಾಡಿದ್ದಾನೆ. ಸಂಯೋಗ, ಸಾಹಚರ್ಯ, ವಿರೋಧ, ಪ್ರಕರಣ ಮೊದಲಾದವು ಅದರಲ್ಲಿ ಬರುತ್ತವೆ. ಕನ್ನಡ ಬಿ.ಎ. ಓದುತ್ತಿದ್ದ ಆ ಹುಡುಗಿ ಈ ಪಟ್ಟಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಳು.

ಕೆಲವು ದಿನಗಳ ನಂತರ ಅವಳು ಎರಡೂ ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಳು. ಮಾವನ ಹಾಳೆಯಲ್ಲಿ ಟಿ4ರ ಬಲಗಡೆ ಎನ್, ಎಂ ಎಂಬ ಅಕ್ಷರಗಳು ತಮ್ಮ ತಮ್ಮ ಅಂಕಿಗಳೊಡನೆ ನಿಂತಿದ್ದವು. ದುಗ್ಧಗ್ರಂಥಿಗಳಿಗೂ ದೂರದ ಅಂಗಗಳಿಗೂ ರೋಗ ಹಬ್ಬಿದೆಯೇ ಎಂಬುದನ್ನು ಹೇಳುವ ಅಕ್ಷರಗಳು ಅವು. ತಾಯಿಯ ಹಾಳೆಯಲ್ಲಿ ಟಿ4ರ ಮೇಲೆ ಟಿ3, ಕೆಳಗೆ ಟಿಎಸ್‌ಎಚ್. ಸಾಹಚರ್ಯ ಎಂದರೆ ಇದೇ. ಜೊತೆಯಲ್ಲಿ ಯಾರಿದ್ದಾರೆಂದು ನೋಡಿದ್ದರೆ ಆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಸಿ13ರ ಪಕ್ಕದ ಸಿ14ರಂತೆ ಜೊತೆಗಾರರೂ ಸಾಲದೆ ಹೋದಲ್ಲಿ ಪ್ರಕರಣವನ್ನು, ಅಂದರೆ ಯಾವ ಕೆಲಸದ ನಡುವೆ ಆ ಮಾತು ಬಂದಿದೆ ಎಂಬುದನ್ನು ನೋಡಬೇಕು. ಪರೀಕ್ಷೆಯಲ್ಲಿ ಐದು ಅಂಕಗಳಿಗೆ ಬರೆದಿದ್ದ ಉತ್ತರ ಬಸ್ಸಿನಲ್ಲಿ ಅವಳ ನೆನಪಿಗೆ ಬಂದಿರಲಿಲ್ಲ. ಭಯಗೊಂಡ ಕಣ್ಣು ಒಂದೇ ಸಾಲನ್ನು ಓದುತ್ತದೆ.

ಈಗ ಆ ಮನೆಯಲ್ಲಿ ಬೆಳಗಿನ ಕಾಫಿಗೆ ಮುಂಚೆ ತಾಯಿ ಒಂದು ಪುಟ್ಟ ಬಿಳಿಯ ಮಾತ್ರೆಯನ್ನು ನೀರಿನೊಡನೆ ನುಂಗುತ್ತಾಳೆ. ಆ ಮಾತ್ರೆಯೊಳಗಿರುವುದು ಪ್ರಯೋಗಶಾಲೆಯಲ್ಲಿ ತಯಾರಾದ ಥೈರಾಕ್ಸಿನ್, ಅದೇ ಟಿ4. ಆಯಾಸ ತಗ್ಗಿದೆ, ಮಧ್ಯಾಹ್ನ ಮಲಗುವ ರೂಢಿ ತಪ್ಪಿದೆ. ಆದರೂ ಗೋಡೆಯ ಮೇಲಿನ ತಮ್ಮನ ಪಟವನ್ನು ಒರೆಸುವಾಗ ಒಮ್ಮೊಮ್ಮೆ ಅವಳು ಕೈ ನಿಲ್ಲಿಸಿ ಕೇಳುತ್ತಾಳೆ:

"ಅವನದು ಬೇರೆ, ನಂದು ಬೇರೆ ತಾನೇ ಅಮ್ಮಣ್ಣಿ?"

"ಬೇರೆನೇ ಅಮ್ಮ" ಎನ್ನುತ್ತಾಳೆ ಮಗಳು. ಎಷ್ಟು ಸಲ ಕೇಳಿದರೂ ಹಾಗೆಯೇ ಹೇಳುತ್ತಾಳೆ.