ಪಾರ್ಶ್ವವಾಯುವಿಗೆ ಸೂಜಿ ಚಿಕಿತ್ಸೆ: ಒಂದು ಸ್ವಾನುಭವ



ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮಲ್ಲಿ ಅನೇಕರು ಈಗ ವಯಸ್ಸಿನ ಇಳಿಜಾರಿನಲ್ಲಿದ್ದೇವೆ. ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದಾಗ ಹಿಂದೆ ಮಕ್ಕಳ ಓದು, ಮದುವೆಗಳ ಮಾತು ನಡೆಯುತ್ತಿತ್ತು. ಈಗ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಲಕ್ವಗಳ ಮಾತೇ ಹೆಚ್ಚು. ಅಂತಹ ಒಂದು ಕೂಟದಲ್ಲಿ ಗೆಳೆಯರೊಬ್ಬರು, "ಲಕ್ವ ಹೊಡೆದವರಿಗೆ ಸೂಜಿ ಚಿಕಿತ್ಸೆ ಮಾಡಿಸಿದರೆ ಅಪಾಯವೇನಾದರೂ ಉಂಟೆ? ನಿಮ್ಮ ಅಣ್ಣನವರಿಗೆ ಮಾಡಿಸಿದ್ದಿರಲ್ಲ?" ಎಂದು ಕೇಳಿದರು. ನಿಂತ ನಿಲುವಿನಲ್ಲಿ ಕೊಡಬಹುದಾದ ಉತ್ತರ ಅದಲ್ಲ. ಅದರಲ್ಲಿ ನನ್ನದೇ ಒಂದು ತಪ್ಪೂ ಸೇರಿಕೊಂಡಿದೆ. ಅದನ್ನು ಮರೆಮಾಚದೆ ತಮ್ಮ ಮುಂದಿಡುವುದು ಯುಕ್ತವೆಂದು ತೋರಿತು.

ನನ್ನ ಅಣ್ಣನ ವಾಸ ದೊಡ್ಡಬಳ್ಳಾಪುರದಲ್ಲಿ. ಆ ಊರಿನ ಬೀದಿಗಳಲ್ಲಿ ಕೇಳಿಬರುವ ವಿದ್ಯುತ್ ಮಗ್ಗಗಳ ಸದ್ದನ್ನು ತಾವು ಬಲ್ಲಿರಿ. ಮನೆಯ ಹಿಂಬದಿಯಲ್ಲಿ ನಾಲ್ಕು ಮಗ್ಗ ಹಾಕಿಕೊಂಡು ಸೀರೆ ನೇಯಿಸುತ್ತಿದ್ದವನು ಆತ. ಒಂದು ಮುಂಜಾನೆ ಕಡಿದ ಎಳೆಯನ್ನು ಕೂಡಿಸಲು ಹೋದಾಗ ಎಡಗೈ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. ಗಾಳಿ ಸೋಕಿತೆಂದು ಅತ್ತಿಗೆಯವರು ಎಣ್ಣೆ ತಿಕ್ಕಲು ಕುಳಿತರು. ನೆರೆಯವರು ನಾಟಿ ಔಷಧಿ ಕೊಡುವವರ ವಿಳಾಸ ಹೇಳಿದರು. ಅಣ್ಣನ ಮಗ ಯಾರ ಮಾತಿಗೂ ಕಿವಿಗೊಡದೆ ಬೆಂಗಳೂರಿನ ಆಸ್ಪತ್ರೆಗೆ ಒಯ್ದ. ತಲೆಯ ಸ್ಕ್ಯಾನಿಂಗ್ ಮಾಡಿದ ವೈದ್ಯರು, ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲ, ರಕ್ತನಾಳ ಮುಚ್ಚಿಕೊಂಡಿದೆ ಎಂದರು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆ ಅವಧಿಯ ಕೊನೆಗೆ ತಲುಪಿದ್ದೆವು. ಪ್ರಾಣ ಉಳಿಯಿತು. ಎಡಗೈ, ಎಡಗಾಲು ಮಾತ್ರ ಸೋತೇ ಉಳಿದವು.

ಮೂರು ತಿಂಗಳ ವ್ಯಾಯಾಮ ಚಿಕಿತ್ಸೆಯಿಂದ ಆತ ಕೋಲೂರಿ ನಡೆಯುವಂತಾದ. ಆದರೆ ಕೈ ಬಿಗಿದುಕೊಂಡೇ ಇತ್ತು. ಇಷ್ಟಲಿಂಗವನ್ನು ಇರಿಸಿಕೊಳ್ಳಬೇಕಾದ ಅಂಗೈಯೇ ಅರಳದಿದ್ದಾಗ ಆತನಿಗಾಗುತ್ತಿದ್ದ ಸಂಕಟವನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗಲೇ ನನಗೆ ಸೂಜಿ ಚಿಕಿತ್ಸೆಯ ಯೋಚನೆ ಬಂದದ್ದು.

ಅಕ್ಯುಪಂಕ್ಚರ್ ಚೀನಾದ ಪುರಾತನ ಪದ್ಧತಿ. ನಮ್ಮ ದೇಶಕ್ಕೆ ಅದು ಬಂದ ಕಥೆ ಸ್ವಾರಸ್ಯವಾದುದು. 1938ರಲ್ಲಿ ಜಪಾನಿನ ಆಕ್ರಮಣಕ್ಕೆ ಸಿಲುಕಿದ ಚೀನಾಕ್ಕೆ ನಮ್ಮ ಕಾಂಗ್ರೆಸ್ ಮಹಾಸಭೆ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರು ಸಿದ್ಧರಾಮೇಶ್ವರರ ಸೊಲ್ಲಾಪುರದವರಾದ ಡಾ. ದ್ವಾರಕಾನಾಥ ಕೋಟ್ನೀಸ್, ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಂಗಡಿಗರಾದ ಬಂಗಾಳದ ಡಾ. ಬಿ. ಕೆ. ಬಸು ಮುಂದೆ 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ತಂದರು. 2003ರಲ್ಲಿ ಕೇಂದ್ರ ಸರ್ಕಾರ ಇದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. ಇಷ್ಟನ್ನು ಓದಿದ ನಾನು, ಬೋರ್ಡು ಹಾಕಿದವರೆಲ್ಲರೂ ಬಲ್ಲವರೇ ಎಂದು ಭ್ರಮಿಸಿದೆ.

ಅಣ್ಣನನ್ನು ಒಬ್ಬರ ಬಳಿಗೆ ಕರೆದೊಯ್ದೆ. ಹೃದಯದ ಬಡಿತ ಏರುಪೇರಾಗಿದ್ದುದರಿಂದ ಆತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ನುಂಗುತ್ತಿದ್ದ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ತೋಳಿನಲ್ಲಿ ಅಂಗೈಯಗಲದ ಜಾಗ ನೀಲಿಗಟ್ಟಿ ಊದಿಕೊಂಡಿತು. ಅದು ಇಳಿದುಹೋಯಿತೆನ್ನಿ. ಮುಂದಿನದು ಮಾತ್ರ ಇಳಿಯುವಂಥದಾಗಿರಲಿಲ್ಲ. "ಈ ಗುಳಿಗೆಗಳು ಶರೀರವನ್ನು ಕೆಡಿಸುತ್ತವೆ, ಸೂಜಿಯೊಂದೇ ಸಾಕು" ಎಂದರು ಅವರು. ಅಣ್ಣ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅಂದಿನಿಂದ ಆತ ರಕ್ತದೊತ್ತಡದ ಗುಳಿಗೆಯನ್ನೂ ಸೇರಿಸಿ ಎಲ್ಲವನ್ನೂ ನಿಲ್ಲಿಸಿಬಿಟ್ಟ.

ಹನ್ನೊಂದನೆಯ ದಿನ ವ್ಯಾಯಾಮ ಮಾಡಿಸುವ ತರುಣ ರಕ್ತದೊತ್ತಡ ಅಳೆದು ಗಾಬರಿಗೊಂಡ. ಮತ್ತೆ ಆಸ್ಪತ್ರೆಗೆ ಓಡಿದೆವು. ವೈದ್ಯರು ಸಿಡುಕಲಿಲ್ಲ. "ಸೂಜಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈ ಗುಳಿಗೆ ನಿಲ್ಲಿಸಿದಿರೆಂದರೆ ಎರಡನೆಯ ಪೆಟ್ಟಿಗೆ ಬಾಗಿಲು ತೆರೆದಿಟ್ಟಂತೆ" ಎಂದರು. ಹೊರಗೆ ಬಂದ ಮೇಲೆ ಅಣ್ಣ ಒಂದೇ ಮಾತು ಹೇಳಿದ: "ನೀನು ಓದಿದವನು ಅಂತ ನಂಬಿದೆ ಕಣಪ್ಪಾ." ಆ ಮಾತು ನನಗೆ ಚುಚ್ಚಿದಷ್ಟು ಯಾವ ಸೂಜಿಯೂ ಆತನಿಗೆ ಚುಚ್ಚಿರಲಾರದು.

ಆ ಬಳಿಕ ತಿಳಿದವರನ್ನು ಕೇಳಿ, ಓದಿ, ಅರಿತುಕೊಂಡುದನ್ನು ಅರಿಕೆ ಮಾಡುತ್ತೇನೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಎಂಟೊಂಬತ್ತು ಮಂದಿಗೆ ಏನಾದರೊಂದು ತೊಂದರೆಯಾಗಿತ್ತು. ಹೆಚ್ಚಿನವು ತುಸು ರಕ್ತ ಜಿನುಗುವುದು, ಕಂದುವುದು, ನೋವು. ಶ್ವಾಸಕೋಶಕ್ಕೆ ಸೂಜಿ ತಗುಲಿ ಎದೆಯಲ್ಲಿ ಗಾಳಿ ಸೇರಿದ್ದು ಇಬ್ಬರಿಗೆ. ಆದರೆ ಅವರೆಲ್ಲ ಮಂಡಿನೋವು, ಸೊಂಟನೋವು, ತಲೆನೋವು ಮೊದಲಾದುವುಗಳಿಗೆ ಬಂದವರೆಂಬುದನ್ನು ಮರೆಯಬಾರದು. ಪಾರ್ಶ್ವವಾಯುವಿನ ಬಗೆಗೆ ಕಾಕ್ರೇನ್ ಸಂಸ್ಥೆ 2016ರಲ್ಲಿ 31 ಪ್ರಯೋಗಗಳನ್ನು, 2,257 ರೋಗಿಗಳ ವಿವರಗಳನ್ನು ಪರಿಶೀಲಿಸಿತು. ಗುಣವಿರಬಹುದು, ಆದರೆ ಪ್ರಯೋಗಗಳ ಮಟ್ಟ ಸಾಲದು, ಖಚಿತವಾಗಿ ಹೇಳಲಾಗದು ಎಂಬುದು ಅದರ ತೀರ್ಮಾನ. ಬಲ್ಲವರ ಕೈಯಲ್ಲಿ ಸೂಜಿಯಿಂದಾಗುವ ಅಪಾಯ ಅಲ್ಪ. ಸೂಜಿಯನ್ನು ನಂಬಿ ಉಳಿದುದನ್ನು ಕೈಬಿಡುವುದೇ ದೊಡ್ಡ ಅಪಾಯ.

ಆದುದರಿಂದ, ಮೊದಲನೆಯದಾಗಿ, ಲಕ್ವ ಹೊಡೆದ ಗಳಿಗೆಯಲ್ಲಿ ಸೂಜಿ, ಎಣ್ಣೆ, ನಾಟಿ ಔಷಧಿ ಯಾವುದನ್ನೂ ಅರಸದೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಧಾವಿಸಬೇಕು. ದೇವನಹಳ್ಳಿಯಾಗಲಿ, ಹೊಸಕೋಟೆಯಾಗಲಿ, ನೆಲಮಂಗಲವಾಗಲಿ, ಬೆಂಗಳೂರು ಇಂದು ದೂರವಲ್ಲ. ಮನೆಯಲ್ಲಿ ಕಳೆಯುವ ಹೊತ್ತೇ ದೂರ. ಎರಡನೆಯದಾಗಿ, ಮುಂದೆ ಸೂಜಿ ಚಿಕಿತ್ಸೆ ಮಾಡಿಸುವುದಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಿ, ಸೂಜಿ ಹಾಕುವವರಿಗೆ ಗುಳಿಗೆಗಳ ಚೀಟಿ ತೋರಿಸಬೇಕು. ವೈದ್ಯರು ಹೇಳದ ಹೊರತು ಒಂದು ಗುಳಿಗೆಯನ್ನೂ ಬಿಡಬಾರದು. ಮೂರನೆಯದಾಗಿ, ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರಿಗೇ ಒಡೆಯಬೇಕು. ಬಳಸಿದ ಸೂಜಿಯಿಂದ ಕಾಮಾಲೆಯ ಸೋಂಕು ಹರಡಬಲ್ಲುದು. ನಾಲ್ಕನೆಯದಾಗಿ, ಸ್ಪರ್ಶ ಕಳೆದುಕೊಂಡ ಅಂಗಕ್ಕೆ ನೋವೂ ತಿಳಿಯದು, ಬಿಸಿಯೂ ತಿಳಿಯದು. ಮಾತು ಹೋದ ರೋಗಿ ಕೂಗಿ ಹೇಳಲಾರ. ಆದುದರಿಂದ ಮನೆಯವರೊಬ್ಬರು ಬಳಿಯಲ್ಲಿದ್ದು, ಶಾಖ ಕೊಡುವಾಗ ಚರ್ಮವನ್ನು ನೋಡುತ್ತ, ಹಾಕಿದ ಸೂಜಿಗಳನ್ನೂ ತೆಗೆದ ಸೂಜಿಗಳನ್ನೂ ಎಣಿಸಬೇಕು. ತಲೆಸುತ್ತು ಬಂದು ಬೀಳದಂತೆ ರೋಗಿಯನ್ನು ಮಲಗಿಸಿಯೇ ಸೂಜಿ ಹಾಕಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟಿದ್ದರೆ ಸೂಜಿಗೆ ವಿದ್ಯುತ್ ಹರಿಸುವ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಾರದು.

ಅನಂತರ ಅಣ್ಣ ಪ್ರಕೃತಿ ಚಿಕಿತ್ಸೆಯ ಪದವೀಧರ ವೈದ್ಯೆಯೊಬ್ಬರ ಬಳಿ ಸೂಜಿ ಹಾಕಿಸಿಕೊಂಡ. ಅವರು ಮೊದಲು ಕೇಳಿದ್ದೇ ಗುಳಿಗೆಗಳ ಚೀಟಿಯನ್ನು. ವ್ಯಾಯಾಮವೂ ನಿಲ್ಲಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅಂಗೈ ಅರ್ಧ ಅರಳಿತು. ಸೂಜಿಯಿಂದಲೋ, ವ್ಯಾಯಾಮದಿಂದಲೋ, ಕಾಲದಿಂದಲೋ, ನಾನು ಹೇಳಲಾರೆ. ಈಗ ಆತ ಬಲಗೈಯಿಂದ ಎಡ ಅಂಗೈಯನ್ನು ಮೆಲ್ಲನೆ ಬಿಡಿಸಿಕೊಂಡು ಪೂಜೆಗೆ ಕೂರುತ್ತಾನೆ. ಕೂರುವುದಕ್ಕೆ ಮುನ್ನ, ನಾನು ಊರಿಗೆ ಹೋದಾಗಲೆಲ್ಲ, ಗುಳಿಗೆಯ ಡಬ್ಬಿಯನ್ನು ತೆರೆದು ನನಗೆ ತೋರಿಸಿ ನಗುತ್ತಾನೆ. ತಮ್ಮ ಮನೆಗಳಲ್ಲಿಯೂ ಆ ಡಬ್ಬಿ ಮುಚ್ಚದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ.